ಹಲಗೇರಿಯ ಹೊತ್ತು

ರಾಣೆಬೆನ್ನೂರು ತಾಲೂಕಿನ ಹಲಗೇರಿಯ ಒಂದು ಮನೆ ಎಂದುಕೊಳ್ಳಿ. ಆಗಸ್ಟ್ ತಿಂಗಳು. ಹೊಲದಲ್ಲಿ ಗೋವಿನಜೋಳ ಆಳೆತ್ತರ ನಿಂತಿದೆ. ಪಡಸಾಲೆಯಲ್ಲಿ ಎರಡು ದೊಡ್ಡ ಸೂಟ್‌ಕೇಸುಗಳು ಬಾಯಿ ತೆರೆದು ಕೂತಿವೆ. ಎಂಜಿನಿಯರಿಂಗ್ ಮುಗಿಸಿದ ಮಗಳು ಎಂ.ಎಸ್. ಓದಲು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಹೊರಟಿದ್ದಾಳೆ. ಒಂದು ಸೂಟ್‌ಕೇಸಿಗೆ 23 ಕಿಲೊ. ಅದರ ಮೇಲೆ ಒಂದು ಗುಲಗಂಜಿಯೂ ಹೆಚ್ಚಾಗಬಾರದು. ಬೀಜದ ಚೀಲ ತೂಗುವ ಕೊಕ್ಕೆ ತಕ್ಕಡಿಗೆ ಅಪ್ಪ ಸೂಟ್‌ಕೇಸು ನೇತುಹಾಕಿ ಮುಳ್ಳು ನೋಡುತ್ತಾನೆ. ಅವನು ತೆಗೆದಿಟ್ಟದ್ದನ್ನು ಅವ್ವ ಮತ್ತೆ ತುರುಕುತ್ತಾಳೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸಿ ಹಿಂಡಿ, ಬ್ಯಾಡಗಿ ಖಾರದಪುಡಿ. ಕೊನೆಗೆ ನಾಲ್ಕು ಬಟ್ಟಲು ಒಣಕೊಬ್ಬರಿ.

"ಅವ್ವಾ, ಕೊಬ್ಬರಿ ಬ್ಯಾಡ. ಏರ್‌ಪೋರ್ಟಿನ್ಯಾಗ ತೆಗಸ್ತಾರ."

"ಕೊಬ್ಬರಿ ಏನ ಮಾಡತೈತಿ ತಂಗಿ? ದೇವರ ಮುಂದ ಇಡೂದು ಅದು."

ಅವ್ವನ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರವಿದೆ. ಒಣಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಕೂಡುತ್ತಾ ತುಸುತುಸು ಶಾಖ ಬಿಡುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿ ಆ ಶಾಖ ಗೊತ್ತೇ ಆಗುವುದಿಲ್ಲ. ರಾಶಿ ಹಾಕಿದ ಕಡೆ, ಗಾಳಿಯಾಡದ ಕಡೆ ಅದು ಹೊರಗೆ ಹೋಗದೆ ಒಳಗೇ ಕೂಡಿಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ ಉತ್ಕರ್ಷಣದ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಬಿಸಿ. ಹಸಿ ಇರುವಾಗಲೇ ಒಟ್ಟಿದ ಬಣವೆ ಒಳಗೊಳಗೇ ಬೆಂದು ಹೊಗೆಯಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿಯೇ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಒಣಕೊಬ್ಬರಿಗೆ 1363 ಎಂಬ ಸಂಖ್ಯೆ ಇದೆ. ಅದು ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿಗೆ ಸೇರಿದೆ. ಫೋನಿಗೆ ಜೀವ ತುಂಬುವ ಪವರ್ ಬ್ಯಾಂಕನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಡಿ ಎನ್ನುವುದೂ ಬೆಂಕಿಯ ಲೆಕ್ಕದಿಂದಲೇ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕಣ್ಣೆದುರು ಹೊತ್ತಿಕೊಳ್ಳಲಿ, ಆರಿಸಲು ಕೈಗಳಿರುತ್ತವೆ.

ಕೊಬ್ಬರಿ ಮನೆಯಲ್ಲೇ ಉಳಿಯಿತು. ತೂಕ ಸರಿಯಾಯಿತು. ಆದರೆ ಈ ಹುಡುಗಿ ಹೊತ್ತೊಯ್ಯುವ ಒಂದು ವಸ್ತು ಯಾವ ತಕ್ಕಡಿಗೂ ಸಿಗುವುದಿಲ್ಲ, ಯಾವ ಸ್ಕ್ಯಾನರಿಗೂ ಕಾಣುವುದಿಲ್ಲ. ಅದು ಅವಳ ಮೈಯೊಳಗೆ ನಡೆಯುತ್ತಿರುವ ಹಲಗೇರಿಯ ಹೊತ್ತು.

ಸವಣೂರಿನಿಂದ ಹೊರಟವರು

ಈ ಸೀಮೆಯಿಂದ ಸಮುದ್ರ ದಾಟಿ ಓದಲು ಹೋದವರಲ್ಲಿ ಹೆಸರಾಂತರು ವಿನಾಯಕ ಕೃಷ್ಣ ಗೋಕಾಕ್. 1909ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ಅವರು 1936ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೊರಟರು. ಪ್ರಯಾಣ ಹಡಗಿನದು. ಆ ಕಾಲಕ್ಕೆ ಮುಂಬಯಿಯಿಂದ ಸುಯೆಜ್ ಕಾಲುವೆ ದಾಟಿ ಇಂಗ್ಲೆಂಡ್ ಮುಟ್ಟಲು ಎರಡು ಮೂರು ವಾರ ಹಿಡಿಯುತ್ತಿತ್ತು. ಆ ಕಡಲಯಾನದ ಫಲವಾಗಿ ಕನ್ನಡಕ್ಕೆ 'ಸಮುದ್ರಗೀತೆಗಳು' ಬಂದವು.

ವಿಜ್ಞಾನದ ಕಣ್ಣಿನಿಂದ ನೋಡಿದರೆ ಆ ಹಡಗು ಇನ್ನೊಂದು ಉಪಕಾರ ಮಾಡುತ್ತಿತ್ತು. ನಮಗೂ ಇಂಗ್ಲೆಂಡಿಗೂ ಸುಮಾರು ಐದೂವರೆ ಗಂಟೆಯ ಅಂತರ. ಅದನ್ನು ಹದಿನೈದು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ನಿಮಿಷ. ಹಡಗಿನವರು ಗಡಿಯಾರದ ಮುಳ್ಳನ್ನು ಆಗಾಗ ತುಸು ಹಿಂದಕ್ಕೆ ತಿರುಗಿಸುತ್ತಿದ್ದರು. ಸೂರ್ಯ ದಿನಾಲೂ ತುಸು ತಡವಾಗಿ ಹುಟ್ಟುತ್ತಿದ್ದ, ಮೈ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ಇಂಗ್ಲೆಂಡಿನ ದಂಡೆಗೆ ಕಾಲಿಡುವ ಹೊತ್ತಿಗೆ ದೇಹವೂ ಇಂಗ್ಲೆಂಡಿಗೆ ಬಂದಿರುತ್ತಿತ್ತು.

1960ರಲ್ಲಿ ಏರ್ ಇಂಡಿಯಾ ಬೋಯಿಂಗ್ 707 ಜೆಟ್ ವಿಮಾನಗಳನ್ನು ತಂದಿತು. ವಾರಗಳು ಗಂಟೆಗಳಾದವು. ಮನುಷ್ಯ ಮುಂಚೆ ಮುಟ್ಟಿ, ಅವನ ಮೈ ಹಿಂದಿನಿಂದ ಬರುವ ಪ್ರಯಾಣ ಶುರುವಾದದ್ದು ಆಗಲೇ.

ಉದ್ದ ದಾರಿ, ಕಡಿಮೆ ಹೊತ್ತು

ಶಾಲೆಯಲ್ಲಿರುವ ಭೂಗೋಳದ ಮೇಲೆ ಬೆಂಗಳೂರಿಗೆ ದಾರದ ಒಂದು ತುದಿ ಹಿಡಿದು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ಗೋಡೆಯ ನಕಾಶೆ ನೋಡಿದವರಿಗೆ ಅಚ್ಚರಿಯಾಗುತ್ತದೆ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ನೆಟ್ಟಗೆ ಉತ್ತರಕ್ಕೆ ಏರಿ ಧ್ರುವದ ಮಗ್ಗುಲಲ್ಲಿ ಹಾದು ಆ ಕಡೆ ಇಳಿಯುತ್ತದೆ. ಎರಡು ಊರುಗಳ ನಡುವೆ 160 ಡಿಗ್ರಿ ರೇಖಾಂಶದ ಅಂತರವಿದೆ. ಭೂಮಿಯ ಈ ಮುಖ ಮತ್ತು ಆ ಮುಖ ಎಂದರೆ ತಪ್ಪಿಲ್ಲ. ನೇರ ದೂರ ಸುಮಾರು 14,000 ಕಿಲೋಮೀಟರ್.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಹಾದು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಸೇರಿ ಅದನ್ನು ನಡೆಸಿದ ನಾಲ್ವರೂ ಹೆಣ್ಣುಮಕ್ಕಳು. ಧ್ರುವದ ದಾರಿಯಲ್ಲಿ ಹೊರಗಿನ ಚಳಿಯದೇ ಚಿಂತೆ. ವಿಮಾನದ ಇಂಧನ ಮೈನಸ್ 47 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟತೊಡಗುತ್ತದೆ. ರೆಕ್ಕೆಯೊಳಗಿನ ಟಾಕಿಯ ಉಷ್ಣಾಂಶ ಅಲ್ಲಿಗೆ ಇಳಿಯದಂತೆ ಪೈಲಟ್ ಕಾಯುತ್ತಿರಬೇಕು.

ಆದರೆ ಹತ್ತಿರದ ದಾರಿ ಯಾವಾಗಲೂ ಬೇಗ ಮುಟ್ಟಿಸುವುದಿಲ್ಲ. 2016ರ ಅಕ್ಟೋಬರಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ರೂಢಿಯ ಅಟ್ಲಾಂಟಿಕ್ ದಾರಿ ಬಿಟ್ಟು ಪೂರ್ವಕ್ಕೆ ಪೆಸಿಫಿಕ್ ಮೇಲೆ ಹಾರಿತು. ದಾರಿ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ 15,300 ಕಿಲೋಮೀಟರ್ ಆಯಿತು, ಹಿಡಿದ ಹೊತ್ತು ಮಾತ್ರ ಹದಿನಾಲ್ಕೂವರೆ ಗಂಟೆ. ಮೊದಲಿನದಕ್ಕಿಂತ ಸುಮಾರು ಎರಡು ಗಂಟೆ ಕಡಿಮೆ. ಕಾರಣ ಬೆನ್ನಿಗೆ ಬಂದ ಗಾಳಿ. ಸಮಭಾಜಕದ ಕಡೆಯ ಬಿಸಿಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ನಡುವೆ, ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಗಾಳಿಯ ಹೊಳೆ ಹರಿಯುತ್ತದೆ. ಭೂಮಿಯ ತಿರುಗಾಟ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಇದೇ ಜೆಟ್ ಸ್ಟ್ರೀಮ್. ತುಂಬಿದ ತುಂಗಭದ್ರೆಯಲ್ಲಿ ಹರಿವಿನ ಜೊತೆ ಈಜಿದವನಿಗೂ ಎದುರು ಈಜಿದವನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಆಕಾಶದ ದಾರಿಯನ್ನು ಗಾಳಿಯ ಹಾಗೆ ಯುದ್ಧವೂ ತಿರುಗಿಸುತ್ತದೆ. 2022ರ ಫೆಬ್ರವರಿ 24ರಂದು ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿತು. ಅಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ಮಕ್ಕಳು ರೈಲು ಹತ್ತಿ, ನಡೆದು ಪಕ್ಕದ ದೇಶಗಳ ಗಡಿ ಸೇರಬೇಕಾಯಿತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವಿದ್ಯಾರ್ಥಿ ಇದೇ ರಾಣೆಬೆನ್ನೂರು ತಾಲೂಕಿನ ಚಳಗೇರಿಯವನು. ಮೂರು ವಾರದ ಮೇಲೆ ಅವನ ದೇಹ ಊರಿಗೆ ಬಂತು. ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ, ಓದುವ ಮಕ್ಕಳಿಗೆಂದು ದಾನ ಕೊಟ್ಟರು. ಈ ಸೀಮೆಯ ತಾಯಂದಿರು "ಮುಟ್ಟಿದ ಕೂಡ್ಲೆ ಫೋನ್ ಮಾಡವ್ವಾ" ಎನ್ನುವಾಗ ಅದರ ಹಿಂದೆ ಆ ನೆನಪೂ ಇರುತ್ತದೆ.

ಮುಳ್ಳಯ್ಯನಗಿರಿಗಿಂತ ಮೇಲೆ

ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ತಲೆಯ ಬೆಳ್ಳನೆ ಪುಕ್ಕದ ಮೇಲೆ ಎರಡು ಕಪ್ಪು ಗೀಟು. ಹಗಲು ನೀರಿನ ಮೇಲೆ ತೇಲುತ್ತಾ, ಸುತ್ತಲಿನ ಹೊಲಗಳಲ್ಲಿ ಮೇಯುತ್ತಾ ಇರುವ ಈ ಹಕ್ಕಿಗಳು ಹಿಮಾಲಯವನ್ನು ರೆಕ್ಕೆ ಬಡಿದೇ ದಾಟುವ ಜಾತಿಯವು. ಬೆನ್ನಿಗೆ ಯಂತ್ರ ಕಟ್ಟಿ ಅಳೆದಾಗ ಇವುಗಳಲ್ಲಿ ಒಂದು 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುವ ಹಿಮೋಗ್ಲೋಬಿನ್, ದೊಡ್ಡ ಶ್ವಾಸಕೋಶ, ಸ್ನಾಯುಗಳ ತುಂಬ ನವಿರಾದ ರಕ್ತನಾಳಗಳು ಅವುಗಳಿಗೆ ಹುಟ್ಟಿನಿಂದಲೇ ಬಂದಿವೆ.

ನಮಗೆ ಅದೊಂದೂ ಇಲ್ಲ. ಹಲಗೇರಿ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ನಮ್ಮ ಎದೆಗೂಡು ಪಳಗಿದ್ದು ಆ ಗಾಳಿಗೆ. ವಿಮಾನ ಹಾರುವ 11 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮೂರಿನದರ ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಉಷ್ಣಾಂಶ ಮೈನಸ್ 55 ಡಿಗ್ರಿಯ ಆಸುಪಾಸು. ಅಲ್ಲಿ ಹಾಗೇ ಉಸಿರಾಡಿದರೆ ಒಂದು ನಿಮಿಷದೊಳಗೆ ಎಚ್ಚರ ತಪ್ಪುತ್ತದೆ. ಮುಖವಾಡ ಕೆಳಗೆ ಬಂದಾಗ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ ಹಾಕಿ ಎಂದು ಗಗನಸಖಿ ಹೇಳುವುದು ಈ ಲೆಕ್ಕದಿಂದ. ಎಚ್ಚರ ತಪ್ಪಿದ ತಾಯಿ ಮಗುವನ್ನು ಉಳಿಸಲಾರಳು.

ಆದ್ದರಿಂದ ವಿಮಾನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಎಂಜಿನ್ನಿನ ಕಂಪ್ರೆಸರ್ ಹೊರಗಿನ ತೆಳುಗಾಳಿಯನ್ನು ಹಿಂಡಿ ಬಿಸಿ ಮಾಡುತ್ತದೆ, ಅದನ್ನು ತಣಿಸಿ ಒಳಗೆ ಬಿಡುತ್ತಾರೆ. ಆದರೂ ನೆಲದಷ್ಟು ಒತ್ತಡ ತುಂಬುವುದಿಲ್ಲ. ಹಾಗೆ ತುಂಬಿದರೆ ವಿಮಾನದ ಮೈ ಒಳಗಿನಿಂದ ಬಿರಿಯುವಷ್ಟು ಬಿಗಿಯುತ್ತದೆ, ತಡೆಯಲು ಇನ್ನೂ ಭಾರದ ಲೋಹ ಬೇಕು. ಹೀಗಾಗಿ ಸುಮಾರು 2,400 ಮೀಟರ್ ಎತ್ತರದಲ್ಲಿ ಇರುವಷ್ಟು ಗಾಳಿಗೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಹಲಗೇರಿಯ ಹುಡುಗಿ ಹದಿನಾರು ಗಂಟೆ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ ಕುರ್ಚಿ ಹಾಕಿಕೊಂಡು ಕೂತಂತೆ. ಚಿಪ್ಸಿನ ಪೊಟ್ಟಣ ಉಬ್ಬುವುದು, ಹೊಟ್ಟೆ ಉಬ್ಬರಿಸುವುದು, ಕೆಲಸವಿಲ್ಲದೆಯೂ ದಣಿವಾಗುವುದು ಎಲ್ಲವೂ ಇದರಿಂದ. ಕಾರ್ಬನ್ ನಾರಿನ ಮೈಯುಳ್ಳ ಬೋಯಿಂಗ್ 787ರಂಥ ಹೊಸ ವಿಮಾನಗಳು ಈ ಎತ್ತರವನ್ನು 1,800 ಮೀಟರಿಗೆ ಇಳಿಸಿವೆ.

ಇಳಿಯುವಾಗ ಒತ್ತಡ ಮತ್ತೆ ಏರುತ್ತದೆ. ಕಿವಿಯ ತಮಟೆಯ ಹಿಂದಿನ ಗಾಳಿಗೆ ಗಂಟಲಿನ ಕಡೆ ತೆರೆಯುವ ಸಣ್ಣ ನಾಳವೊಂದೇ ದಾರಿ. ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಪೆಪ್ಪರ್‌ಮೆಂಟ್ ಚೀಪುವುದು ಸರಿಯಾದ ಉಪಾಯ, ನೆಗಡಿಯಿದ್ದರೆ ಮೊದಲೇ ವೈದ್ಯರನ್ನು ಕಾಣುವುದು ಇನ್ನೂ ಒಳ್ಳೆಯದು. ಕಾಲಿನ ಕಡೆಯೂ ಗಮನವಿರಲಿ. ನಾಲ್ಕು ಗಂಟೆಗೂ ಮೀರಿ ಅಲುಗದೆ ಕೂತರೆ ಮೀನಖಂಡದ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ತಿಳಿಸಿತು. ಆರೋಗ್ಯವಂತರಿಗೆ ಅದು ಸುಮಾರು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರುವಂಥದ್ದು. ಹೆದರುವ ಮಾತಲ್ಲ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವ ಮಾತು.

ಕಣದ ಮೆಣಸಿನಕಾಯಿ

ಬ್ಯಾಡಗಿ ಮೆಣಸಿನಕಾಯಿಯನ್ನು ಕಣದಲ್ಲಿ ಹರವಿ ಒಣಗಿಸುವುದನ್ನು ನೋಡಿದವರಿಗೆ ವಿಮಾನದೊಳಗಿನ ಹವೆ ಬೇಗ ಅರ್ಥವಾಗುತ್ತದೆ. ಬಿಸಿಲು, ಒಣಗಾಳಿ ಸೇರಿ ಕಾಯಿಯ ನೀರನ್ನು ಎಳೆದುಬಿಡುತ್ತವೆ. ಸಿಪ್ಪೆ ಸುಕ್ಕುಗಟ್ಟಿ ಹೆಸರಾಂತ ನಿರಿಗೆಗಳು ಮೂಡುತ್ತವೆ. ವಿಮಾನದೊಳಗೆ ಬರುವ ಗಾಳಿಯಲ್ಲಿ ತೇವ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಮೈನಸ್ 55 ಡಿಗ್ರಿಯ ಗಾಳಿ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಒಳಗಿನ ಸಾಪೇಕ್ಷ ತೇವಾಂಶ ಹಲವು ಸಲ 20 ಪ್ರತಿಶತಕ್ಕೂ ಕೆಳಗಿಳಿಯುತ್ತದೆ. ಮರುಭೂಮಿಯ ಹವೆ ಅದು. ತುಟಿ ಒಡೆಯುತ್ತದೆ, ಕಣ್ಣು ಉರಿಯುತ್ತದೆ, ಮೂಗಿನ ಒಳಪೊರೆ ಒಣಗುತ್ತದೆ.

ಮೂಗು ಒಣಗಿದರೆ ಊಟ ಸಪ್ಪೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ವಾಸನೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲುಫ್ತಾನ್ಸಾ ವಿಮಾನ ಸಂಸ್ಥೆಗಾಗಿ ನಡೆಸಿದ ಪರೀಕ್ಷೆಯಲ್ಲಿ ವಿಮಾನದಂಥ ಒತ್ತಡದಲ್ಲಿ ಉಪ್ಪು, ಸಿಹಿ ಎರಡೂ ನಾಲಗೆಗೆ ಮಂದವಾದದ್ದು ಕಂಡುಬಂತು. ಎಂಜಿನ್ನಿನ ಸದ್ದು ಕೂಡ ಸಿಹಿಯನ್ನು ಕುಂದಿಸುತ್ತದೆ. ಖಾರದ ಕತೆ ಬೇರೆ. ಖಾರವೆಂಬುದು ಉರಿ, ಬಿಸಿ ತಾಗಿದ್ದನ್ನು ಗುರುತಿಸುವ ನರದ ಗ್ರಾಹಕವನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಬ್ಬಿಸುತ್ತದೆ. ಆ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬ್ಯಾಡಗಿ ಕಾಯಿಯ ಹೆಸರು ಬಣ್ಣಕ್ಕೆ, ಖಾರ ಅದರಲ್ಲಿ ಸೌಮ್ಯ. ಆದರೂ ಸಪ್ಪೆಯಾದ ಊಟದ ಮೇಲೆ ಅವ್ವನ ಚಟ್ನಿ ಪುಡಿ ಉದುರಿಸಿದರೆ ನಾಲಗೆಗೆ ಜೀವ ಬರುವುದರಲ್ಲಿ ಇಷ್ಟು ವಿಜ್ಞಾನವಿದೆ. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದಿರುವುದಕ್ಕೂ ಒಣಗುವುದೇ ಕಾರಣ: ನೀರಿಲ್ಲದ ಕಡೆ ಬೂಷ್ಟಿಗೆ ಬದುಕಿಲ್ಲ. ರೊಟ್ಟಿಗೆ ಒಣಗುವುದು ಒಳ್ಳೆಯದು, ಹುಡುಗಿಗಲ್ಲ. ಅವಳು ನೀರು ಕುಡಿಯುತ್ತಿರಬೇಕು.

ಟಾಕಿಯ ತೇಲುಗುಂಡು

ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ ಆರು. ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಇಳಿಯುವಾಗ ಹೊರಟ ದಿನವೇ ಸಂಜೆ ಐದೂವರೆ. ಕ್ಯಾಲೆಂಡರಿನ ಲೆಕ್ಕದಲ್ಲಿ ಹುಡುಗಿ ಹಾರಿದ್ದು ಮೂರೂವರೆ ಗಂಟೆ ಮಾತ್ರ. ಮೈ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಒಪ್ಪದಿರುವ ಈ ಗುಣವನ್ನು ಮೊದಲು ತೋರಿಸಿಕೊಟ್ಟದ್ದು ಹೊಲದ ಬದುವಿನಲ್ಲಿ ನಮ್ಮ ಮಕ್ಕಳು ಮುಟ್ಟಿ ಆಡುವ ಮುಟ್ಟಿದರೆ ಮುನಿಯಂಥ ಗಿಡ. ಅದರ ಎಲೆ ಹಗಲು ಬಿಚ್ಚಿ ರಾತ್ರಿ ಮುಚ್ಚುತ್ತದೆ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೈರಾನ್ ಅಂಥ ಗಿಡವನ್ನು ಕತ್ತಲಲ್ಲಿಟ್ಟ. ಬೆಳಕೇ ಇಲ್ಲದಿದ್ದರೂ ಎಲೆಗಳು ತಮ್ಮ ಹೊತ್ತಿಗೆ ಬಿಚ್ಚಿಕೊಂಡವು. ಗಡಿಯಾರ ಗಿಡದೊಳಗೇ ಇತ್ತು.

ನಮ್ಮಲ್ಲಿ ಅದು ಪ್ರತಿ ಜೀವಕೋಶದಲ್ಲೂ ಇದೆ. ಮನೆಯ ಮೇಲಿನ ನೀರಿನ ಟಾಕಿಯ ತೇಲುಗುಂಡನ್ನು ನೆನೆಯಿರಿ. ನೀರು ತುಂಬಿದಂತೆ ಗುಂಡು ಏರಿ ನಲ್ಲಿಯನ್ನು ಮುಚ್ಚುತ್ತದೆ. ನೀರು ಖರ್ಚಾದಂತೆ ಇಳಿದು ಮತ್ತೆ ತೆರೆಯುತ್ತದೆ. ಜೀವಕೋಶದಲ್ಲಿ ಒಂದು ಜೀನ್ ಪ್ರೋಟೀನನ್ನು ತಯಾರಿಸುತ್ತದೆ. ಪ್ರೋಟೀನು ಕೂಡಿಕೊಂಡು ತನ್ನನ್ನು ಹುಟ್ಟಿಸಿದ ಜೀನನ್ನೇ ಮುಚ್ಚುತ್ತದೆ. ನಿಧಾನವಾಗಿ ಕರಗಿದ ಮೇಲೆ ಜೀನ್ ಮತ್ತೆ ತೆರೆಯುತ್ತದೆ. ಈ ಒಂದು ಸುತ್ತಿಗೆ ಹೆಚ್ಚುಕಡಿಮೆ 24 ಗಂಟೆ. ಹಣ್ಣಿನ ನೊಣಗಳಲ್ಲಿ ಇದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಸಂದಿತು.

ಈ ಕೋಟ್ಯಂತರ ಗಡಿಯಾರಗಳಿಗೆ ಒಬ್ಬ ಯಜಮಾನನಿದ್ದಾನೆ. ಮೆದುಳಿನ ಬುಡದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ಕಣ್ಣಿನ ವಿಶೇಷ ಕೋಶಗಳು ಹಗಲಿನ ಬೆಳಕನ್ನು ಅದಕ್ಕೆ ಮುಟ್ಟಿಸುತ್ತವೆ, ಅದು ದಿನಾ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಸರಿಪಡಿಸಿಕೊಳ್ಳುವ ಶಕ್ತಿಗೂ ಮಿತಿಯಿದೆ: ದಿನಕ್ಕೆ ಸುಮಾರು ಒಂದು, ಬಹಳವೆಂದರೆ ಒಂದೂವರೆ ಗಂಟೆ. ಹನ್ನೆರಡೂವರೆ ಗಂಟೆ ಸರಿಯಲು ಎಂಟು ಹತ್ತು ದಿನವಾದರೂ ಬೇಕು.

ಆ ದಿನಗಳಲ್ಲಿ ಏನಾಗುತ್ತದೆ ನೋಡಿ. ಅಲ್ಲಿ ಮಧ್ಯರಾತ್ರಿ ಒಂದೂವರೆಗೆ ಹುಡುಗಿಗೆ ಹಸಿವೆಯಾಗಿ ಎಚ್ಚರವಾಗುತ್ತದೆ. ಹಲಗೇರಿಯಲ್ಲಿ ಆಗ ಮಧ್ಯಾಹ್ನ ಎರಡು, ಹೊಲದಲ್ಲಿ ಬುತ್ತಿ ಬಿಚ್ಚುವ ಹೊತ್ತು. ಬೆಳಿಗ್ಗೆ ಎಂಟೂವರೆಗೆ ಕ್ಲಾಸಿಗೆ ಹೊರಟಾಗ ಕಣ್ಣು ಎಳೆಯುತ್ತದೆ. ಊರಲ್ಲಿ ರಾತ್ರಿ ಒಂಬತ್ತು. ಸಂಜೆ ನಾಲ್ಕಕ್ಕೆ ಮೈ ತಣ್ಣಗಾಗಿ, ಬುದ್ಧಿ ಮಂಕಾಗಿ, ಕಾರಣವಿಲ್ಲದೆ ಅಳು ಬರುತ್ತದೆ. ಹಲಗೇರಿಯಲ್ಲಿ ಅದು ನಸುಕಿನ ನಾಲ್ಕೂವರೆ, ದೇಹದ ಶಾಖ ದಿನದಲ್ಲೇ ತೀರ ಕೆಳಗಿಳಿಯುವ ಗಳಿಗೆ. ಇದನ್ನು ಅವಳು ತನ್ನ ಅಂಜುಬುರುಕತನವೆಂದು ತಿಳಿಯುತ್ತಾಳೆ. ಇಲ್ಲಿಯವರು ಮಗಳಿಗೆ ಅಲ್ಲಿಯ ಓದು ಎತ್ತುವುದಿಲ್ಲವೇನೋ ಎಂದು ಹೆದರುತ್ತಾರೆ. ಮನೆಯ ನೆನಪು ನಿಜ, ಆ ನೆನಪನ್ನು ತಡೆಯಲಾರದಂತೆ ಮಾಡುವುದು ತಪ್ಪಿದ ಹೊತ್ತು.

ಮದ್ದು ಸರಳ. ಹಗಲಿನಲ್ಲಿ ಬಯಲ ಬೆಳಕಿಗೆ ಹೋಗುವುದು, ಆ ಊರಿನ ಹೊತ್ತಿಗೆ ಉಣ್ಣುವುದು, ಹಗಲು ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸುವುದು, ರಾತ್ರಿ ಫೋನಿನ ಬೆಳಕು ದೂರವಿಡುವುದು. ಇನ್ನೊಂದು ಪಾಠ ಬಾವಲಿಗಳದು. ಎಂ.ಕೆ. ಚಂದ್ರಶೇಖರನ್ ಮತ್ತು ಸಂಗಡಿಗರು ಮದುರೆಯ ಬಳಿಯ ಕಗ್ಗತ್ತಲ ಗವಿಯಲ್ಲಿ ಬಾವಲಿಗಳನ್ನು ಅಧ್ಯಯನ ಮಾಡಿದರು. ಹೊರಗಿನ ಬೆಳಕು ಕಾಣದಂತೆ ಗವಿಯಲ್ಲೇ ಬಂಧಿಸಿಟ್ಟ ಬಾವಲಿ ಕೂಡ ಸಂಗಡಿಗರ ಹೋಗಿಬರುವ ಸದ್ದು ಕೇಳಿ ತನ್ನ ಹೊತ್ತನ್ನು ಸರಿಯಾಗಿಟ್ಟುಕೊಂಡಿತ್ತು. ಕೋಣೆಯ ಬಾಗಿಲು ಹಾಕಿ ಒಬ್ಬರೇ ಕೂರಬೇಡಿ, ನಾಲ್ಕು ಜನರೊಡನೆ ಉಣ್ಣಿ, ತಿರುಗಾಡಿ ಎಂದು ಹೊಸಬರಿಗೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಕ್ಕಳನ್ನು ಕಳಿಸುವ ತಂದೆತಾಯಂದಿರಲ್ಲಿ ಒಂದು ಕೋರಿಕೆ. ಮುಟ್ಟಿದೆ ಎಂಬ ಫೋನು ಬಂದ ದಿನ ಮಕ್ಕಳು ಮುಟ್ಟಿರುವುದಿಲ್ಲ. ಅವರ ಮೈ ಇನ್ನೂ ದಾರಿಯಲ್ಲಿದೆ. ಮೊದಲ ಹತ್ತು ದಿನದ ಅಳುವನ್ನು ಕೇಳಿ "ವಾಪಸ್ ಬಂದಬಿಡು" ಎನ್ನಬೇಡಿ, "ಗಟ್ಟಿಯಾಗು" ಎಂದು ಗದರಲೂ ಬೇಡಿ. ಅವರಿಗೆ ಹಗಲಾಗಿರುವ ಹೊತ್ತು ನೋಡಿ ಫೋನ್ ಮಾಡಿ, ಊಟ ಆಯಿತೇ ಎಂದು ಕೇಳಿ, ಹೊರಗೆ ಬಿಸಿಲಿಗೆ ಹೋಗಿ ಬಾ ಎಂದು ಹೇಳಿ. ಹನ್ನೊಂದನೆಯ ದಿನ ಮಾತಾಡಿಸಿ ನೋಡಿ. ಆ ಹೊತ್ತಿಗೆ ನಿಮ್ಮ ಮಗಳು ಪೂರ್ತಿಯಾಗಿ ಅಲ್ಲಿಗೆ ಬಂದು ಮುಟ್ಟಿರುತ್ತಾಳೆ.